ಎಷ್ಟನೇ ಕಲಮು

ಏಳೂವರೆಗೆ ಶಟರು ಎತ್ತುತ್ತೇನೆ.
ಅಷ್ಟರಲ್ಲೇ ಮೆಟ್ಟಿಲ ಮೇಲೆ ನಾಲ್ಕು ಜನ,
ನಾಲ್ಕು ಪ್ಲಾಸ್ಟಿಕ್ ಕವರು,
ಒಳಗೆ ನೀಲಿ ಹಿನ್ನೆಲೆಯ ಫೋಟೋ.
ಫರ್ವಾನಿಯಾದಲ್ಲಿ ಹಾಳೆಗೆ ಅರ್ಧ ದಿನಾರು.
ಅಳುವುದಕ್ಕೆ ಬೇರೆ ದರವಿಲ್ಲ.

ಮೊದಲು ಕೇಳುವುದು ಹೆಸರಲ್ಲ, ನಂಬರು.
ಕಂಪನಿಯವರು ಹದಿನೆಂಟನೇ ಕಲಮು,
ಮನೆಗೆಲಸದವರು ಇಪ್ಪತ್ತು,
ಸಂಬಳ ಸಾಕಷ್ಟಿದ್ದವನ ಹೆಂಡತಿ ಮಕ್ಕಳು ಇಪ್ಪತ್ತೆರಡು.
ಹದಿನೆಂಟಕ್ಕೂ ಇಪ್ಪತ್ತಕ್ಕೂ ಎರಡೇ ವ್ಯತ್ಯಾಸ ಅಂದೀರಿ,
ರಾಯಚೋಟಿಯ ಓಬುಳಮ್ಮನನ್ನು ಕೇಳಿ:
ಆ ಎರಡರ ನಡುವೆ ಒಂದು ಬಾಗಿಲು,
ಬೀಗದ ಕೈ ಮೇಡಮ್ಮಿನ ಪರ್ಸಿನಲ್ಲಿ.
ಅವಳು ಓಡಿಬಂದ ದಿನ ಕಲಮು ಬದಲಾಗಲಿಲ್ಲ,
ಹೆಸರಿನ ಮುಂದೆ ಒಂದು ಪದ ಸೇರಿತು. ತಗಯ್ಯುಬ್.
ಗೈರುಹಾಜರು.
ನನ್ನೆದುರು ಕುರ್ಚಿಯಲ್ಲೇ ಕೂತಿದ್ದಳು,
ಕಾಲಿಗೆ ಚಪ್ಪಲಿ ಇರಲಿಲ್ಲ,
ನೀರು ಕುಡಿಯುತ್ತ
ಗೈರುಹಾಜರಾಗಿದ್ದಳು.

ಉಸ್ತಾದ್ ಜವ್ದತ್ ಗಾಜಾದವರು,
ಈ ಊರಿನ ಎಷ್ಟೋ ಇಂಜಿನಿಯರುಗಳಿಗೆ ಬೀಜಗಣಿತ ಕಲಿಸಿದವರು.
ಕೈಯಲ್ಲಿರುವುದು ಈಜಿಪ್ಟು ಕೊಟ್ಟ ಪತ್ರ,
ಆ ಪತ್ರ ಹಿಡಿದು ಈಜಿಪ್ಟಿಗೆ ಹೋಗಲು
ಈಜಿಪ್ಟಿನದೇ ವೀಸಾ ಬೇಕು.
ರಾಷ್ಟ್ರೀಯತೆ ಅಂತ ಕೇಳುತ್ತಿದೆ ಉಸ್ತಾದ್, ಏನು ಹಾಕಲಿ?
ಗೊತ್ತಿಲ್ಲದ್ದನ್ನು ಎಕ್ಸ್ ಅಂತಿಡು ಮಗಳೇ,
ಕೊನೆಗೆ ಬಿಡಿಸೋಣ.

ನಿರಾಶ್ರಿತ ಎಂಬ ಕಾಲಂ ಫಾರ್ಮಿನಲ್ಲಿಲ್ಲ.
ಹುಡುಕಿದ್ದೇನೆ, ಹಿಂಬದಿಯಲ್ಲೂ.
ಹಾಗಾಗಿ ದೈರ್ ಎಝ್ಝೋರಿನ ಹಲ್ಲಿನ ಡಾಕ್ಟರು ಮುಂತಹಾ
ಇಲ್ಲಿ ಹೊಲಿಗೆ ಯಂತ್ರದ ಚಾಲಕಿ, ಹದಿನೆಂಟು.
ಅವಳ ತಾಯಿ ಮೂರು ತಿಂಗಳ ಭೇಟಿ ವೀಸಾ.
ಭೇಟಿ ಮುಗಿದ ಮೇಲೆ ಮರಳುವ ವಿಳಾಸ?
ಮುಂತಹಾ ಬೀದಿಯ ಹೆಸರು ಹೇಳಿದಳು,
ಮನೆ ನಂಬರು ಹೇಳಿದಳು,
ಮಹಡಿ ಹೇಳುವಾಗ ನಿಲ್ಲಿಸಿದಳು.
ನೆಲಮಾಳಿಗೆ ಅಂತ ಬರಿ ಅಂದಳು ಆಮೇಲೆ,
ಅದೊಂದು ಇದೆ.

ಮಧ್ಯಾಹ್ನ ಅಯ್ಯಾದ್ ಬರುತ್ತಾನೆ, ಕಲ್ಲಂಗಡಿ ಗಾಡಿ ನೆರಳಿಗೆ ಬಿಟ್ಟು.
ಅವನಿಗೆ ಕಲಮೇ ಇಲ್ಲ.
ಜನಗಣತಿಯವರು ಬಂದಾಗ ಅವನಜ್ಜ ಒಂಟೆಯ ಹಿಂದೆ ಹೋಗಿದ್ದನಂತೆ,
ಇನ್ನೂ ಆ ಒಂಟೆ ಸಿಕ್ಕಿಲ್ಲ.
ಚಹಾದ ಹುಡುಗ ಕೇಳುತ್ತಾನೆ, ಸಕ್ಕರೆ?
ಬಿದೂನ್, ಎನ್ನುತ್ತಾನೆ ಅಯ್ಯಾದ್.
ಇಲ್ಲದೆ. ಸಕ್ಕರೆ ಇಲ್ಲದ್ದಕ್ಕೂ ಅದೇ ಪದ,
ದೇಶ ಇಲ್ಲದ್ದಕ್ಕೂ ಅದೇ ಪದ.
ಅವನೇ ಮೊದಲು ನಗುತ್ತಾನೆ,
ನಾವೂ ನಗಬೇಕಾಗುತ್ತದೆ.

ನಮ್ಮಲ್ಲಿ ಒಂದೇ ಪದ ಸಾಕಿತ್ತು.
ಹೋಂವರ್ಕು ಮಾಡದಿದ್ದರೆ ಅಮ್ಮ ಬಯ್ಯುತ್ತಿದ್ದಳು, ಪರದೇಶಿ!
ಬೇರೆ ದೇಶದವನೂ ಅವನೇ, ದಿಕ್ಕಿಲ್ಲದವನೂ ಅವನೇ.
ಬಯ್ಯುವಾಗ ಕಿಟಕಿಯಾಚೆ ಪರದೇಶವೇ ಇತ್ತು,
ಎಸಿ ಹನಿಯುತ್ತಿತ್ತು.
ತೊಂಬತ್ತರ ಆಗಸ್ಟಿನಲ್ಲಿ ನನಗೆ ಎರಡು ವರ್ಷ.
ಬಾಗ್ದಾದು ದಾಟಿ, ಜೋರ್ಡಾನಿನ ಬಯಲಲ್ಲಿ,
ಬಿಳಿ ಡೇರೆಯೊಳಗೆ ಹತ್ತೊಂಬತ್ತು ದಿನ.
ನಾವೂ ಆಗ ನಿರಾಶ್ರಿತರೇ ಅಲ್ಲವಾ ಎಂದರೆ
ಅಮ್ಮನಿಗೆ ಇವತ್ತಿಗೂ ಸಿಟ್ಟು.
ಡೇರೆಯಲ್ಲಿದ್ದೆವು ಅಷ್ಟೇ, ಎನ್ನುತ್ತಾಳೆ,
ಗಂಗೊಳ್ಳಿಯಲ್ಲಿ ನಮಗೆ ಮನೆ ಇತ್ತು.

ರಾತ್ರಿ ಒಂಬತ್ತಕ್ಕೆ ಶಟರು ಅರ್ಧ ಇಳಿಸಿ
ನನ್ನ ಫಾರ್ಮು ತೆರೆಯುತ್ತೇನೆ.
ಮೊದಲು ಇಪ್ಪತ್ತೆರಡಾಗಿದ್ದೆ, ಅಪ್ಪ ಹೋದ ಮೇಲೆ ಹದಿನೆಂಟು.
ಬಂದ ದಿನಾಂಕ, ಎಂದು ಕೇಳುತ್ತದೆ.
ಹುಟ್ಟಿದ ದಿನಾಂಕವನ್ನೇ ಎರಡನೇ ಸಲ ಒತ್ತುತ್ತೇನೆ.
ಪರದೆ ಕೆಂಪಗಾಗುತ್ತದೆ. ತಪ್ಪು ಮಾಹಿತಿ.
ಮತ್ತೆ ಒತ್ತುತ್ತೇನೆ.
ಹೊರಗೆ ಯಾರೋ ಶಟರಿಗೆ ಬಡಿಯುತ್ತಾರೆ,
ಕವರಿನ ಸರಸರ ಕೇಳುತ್ತದೆ.
ಮುಚ್ಚಿದೆ ಎನ್ನಲು ಬಾಯಿ ತೆರೆದವಳು
ಕೇಳುತ್ತೇನೆ:
ಎಷ್ಟನೇ ಕಲಮು?